ನಿಂತ ಲಾರಿಯ ಸದ್ದು

ಶಿಷ್ಯ ಕಲ್ಲಿನಾಥ ಕೇಳಿದ: "ತಾಯೀ, ಕೆಲಸದಲ್ಲಿದ್ದಾಗ ನನ್ನ ಮನಸ್ಸು ಚೆನ್ನಾಗಿಯೇ ಇರುತ್ತದೆ. ಸುಮ್ಮನೆ ಕುಳಿತರೆ ಸಾಕು, ಒಳಗೆ ಏನೋ ಕುಟ್ಟಲು ಶುರುಮಾಡುತ್ತದೆ. ಕೂರುವುದನ್ನೇ ಬಿಟ್ಟು ಸದಾ ದುಡಿಯುತ್ತಲೇ ಇದ್ದರೆ ತಪ್ಪೇನು?"

ಗುರು ನಾಗಲಾಂಬೆ ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಲಾರಿ ಡ್ರೈವರ್ ಇದ್ದ. ಕಡಲ ತೀರದಿಂದ ಮೀನು ತುಂಬಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಒಯ್ಯುವುದು ಅವನ ಕೆಲಸ. ಮೀನು ಒಬ್ಬ ವ್ಯಾಪಾರಿ ಹೆಂಗಸಿನದು. ಅವಳು ಯಾರನ್ನೂ ನಂಬಿ ಮಾಲು ಕಳಿಸುವವಳಲ್ಲ. ತಾನೇ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಘಟ್ಟದ ಬುಡದಲ್ಲಿ ಊಟಕ್ಕೆ ನಿಲ್ಲಿಸಿದರು. ಆ ದಾರಿಯ ಡ್ರೈವರುಗಳು ಅಲ್ಲಿ ಎಂಜಿನ್ ಆರಿಸುವುದಿಲ್ಲ. ಹೆಂಗಸು ಹೋಟೆಲಿನೊಳಗೆ ಹೋದಳು. ಡ್ರೈವರ್ ಟಯರುಗಳನ್ನು ಒದ್ದು ನೋಡುತ್ತಿದ್ದಾಗ ಸದ್ದು ಕೇಳಿತು. ಟಿಕ್, ಟಿಕ್, ಟಿಕ್. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಅದು ಇರಲಿಲ್ಲ. ಅವನು ಹತ್ತಿ ಆಕ್ಸಿಲರೇಟರ್ ಒತ್ತಿದ. ಸದ್ದು ಅಡಗಿತು. ಕಾಲು ತೆಗೆದ. ಮತ್ತೆ ಬಂತು.

ಪಕ್ಕದ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಉದ್ದನೆಯ ಸರಳಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟುಕೊಂಡ. ಮೇಲೆ ವಾಲ್ವುಗಳ ಹತ್ತಿರ ಕೇಳಿದ. ಅಲ್ಲ. ಹೊಗೆ ಕೊಳವೆಯ ಜೋಡಣೆಯ ಬಳಿ ಕೇಳಿದ. ಅಲ್ಲೂ ಅಲ್ಲ. ಕೊನೆಗೆ ಲಾರಿಯ ಕೆಳಗೆ ತೂರಿ ಸರಳನ್ನು ಎಂಜಿನ್ನಿನ ಬುಡಕ್ಕೆ ಒತ್ತಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಟ್ಯಾಪೆಟ್ ತಾನೇ?" ಡ್ರೈವರ್ ಬಗ್ಗಿ ಕೇಳಿದ. "ಟ್ಯಾಪೆಟ್ ಅಂತ ಅನ್ನು ಮಾರಾಯ, ಹತ್ತು ನಿಮಿಷದ ರಿಪೇರಿ."

"ನಾನು ಅನ್ನಬಹುದು. ಅದು ಅನ್ನಬೇಕಲ್ಲ," ಎಂದು ಮೆಕ್ಯಾನಿಕ್ ಎದ್ದ. "ಕೆಳಗಿನ ಬೇರಿಂಗ್ ಸವೆದಿದೆ. ಬಿಸಿಯಾದರೆ ಆಯಿಲ್ ತೆಳುವಾಗ್ತದೆ, ನಿಂತಾಗ ಪ್ರೆಶರ್ ಸಾಲುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಹೊಡೀತದೆ. ಬಿಚ್ಚಬೇಕು. ನಾಳೆ ಸಂಜೆಯಾಗ್ತದೆ."

"ರೇಸ್ ಕೊಟ್ರೆ ಸದ್ದೇ ಇಲ್ಲ!"

"ಸದ್ದಿಲ್ಲ. ಬೇರಿಂಗೂ ಇಲ್ಲ."

ಲಾರಿಯ ಹಿಂದೆ ಐಸ್ ಕರಗಿ ನೀರು ಸುರಿಯುತ್ತಿತ್ತು. ನಾಳೆ ಸಂಜೆಯವರೆಗೆ ಮೀನು ಉಳಿಯುವುದಿಲ್ಲ. ಈ ಸದ್ದು ಕೇಳಿದರೆ ಹೆಂಗಸು ಬೇರೆ ಲಾರಿ ಹಿಡಿಯುತ್ತಾಳೆ, ಇವನನ್ನು ಇನ್ನು ಕರೆಯುವುದಿಲ್ಲ. ಹೋಟೆಲಿನಲ್ಲಿ ಅವಳು ಕೈ ತೊಳೆಯುತ್ತಿರುವುದು ಕಾಣಿಸಿತು.

"ಅವಳಿಗೆ ನೀನು ಹೇಳ್ತೀಯೋ, ನಾನು ಹೇಳಲೋ?" ಎಂದ ಮೆಕ್ಯಾನಿಕ್.

"ನಾನೇ ಹೇಳ್ತೇನೆ."

ಮೆಕ್ಯಾನಿಕ್ ನಂಬಿ ಗ್ಯಾರೇಜಿಗೆ ಮರಳಿದ. ಡ್ರೈವರ್ ಸ್ಪ್ಯಾನರ್ ತೆಗೆದು ಐಡ್ಲಿಂಗ್ ಸ್ಕ್ರೂ ತಿರುಗಿಸಿದ. ಎಂಜಿನ್ ನಿಂತಲ್ಲೇ ಜೋರಾಗಿ ಓಡತೊಡಗಿತು. ಟಿಕ್ ಟಿಕ್ ಮುಚ್ಚಿಹೋಯಿತು.

ಹೆಂಗಸು ಬಂದಳು. "ಏನೋ ಇದು, ನಿನ್ನ ಲಾರಿ ಮದುವೆ ಗಂಡಿನ ಹಾಗೆ ಅವಸರ ಮಾಡ್ತಿದೆ?"

"ಘಟ್ಟ ಹತ್ತಬೇಕಲ್ಲ ಅಕ್ಕಾ, ಉಮೇದು," ಎಂದ ಡ್ರೈವರ್. ಅವಳು ನಕ್ಕು ಹತ್ತಿ ಕೂತಳು.

ಘಟ್ಟದಲ್ಲಿ ಅವನು ಎಲ್ಲಿಯೂ ಕಾಲು ಸಡಿಲಿಸಲಿಲ್ಲ. ಎದುರಿಗೆ ಬಸ್ಸು ಬಂದಾಗಲೂ ನಿಲ್ಲಿಸದೆ ಅಂಚಿಗೆ ಒತ್ತಿ ನುಗ್ಗಿದ. ಆಯಿಲ್ ಮೀಟರಿನ ಮುಳ್ಳು ಇಳಿಯುತ್ತಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಹೇಳಿ ಅದರ ಮೇಲೆ ಟವೆಲ್ ಹಾಕಿದ.

ಕಡಿದಾದ ತಿರುವಿನಲ್ಲಿ ಎಂಜಿನ್ ಒಮ್ಮೆ ಗುದ್ದಿತು. ಕಬ್ಬಿಣಕ್ಕೆ ಕಬ್ಬಿಣ ಹಿಡಿದುಕೊಂಡು ನಿಂತೇಬಿಟ್ಟಿತು. ಅವನು ಬ್ರೇಕ್ ತುಳಿದ. ಭಾರಕ್ಕೆ ಬ್ರೇಕ್ ನಿಲ್ಲಲಿಲ್ಲ. ಲಾರಿ ಹಿಂದಕ್ಕೆ ಜಾರಿತು. ಬಲಗಡೆ ಪ್ರಪಾತ, ಎಡಗಡೆ ಬಂಡೆ. ಘಟ್ಟದ ಯಾವ ಡ್ರೈವರಾದರೂ ಮಾಡುವುದನ್ನೇ ಅವನೂ ಮಾಡಿದ. ಇದ್ದ ಬಲವನ್ನೆಲ್ಲ ಹಾಕಿ ಸ್ಟೀರಿಂಗ್ ತಿರುಗಿಸಿ ಲಾರಿಯನ್ನು ಬಂಡೆಗೆ ಒರಗಿಸಿದ. ಅದು ಉಜ್ಜಿಕೊಂಡು ನಿಂತಿತು. ಲಾರಿ ಉಳಿಯಿತು. ಅವನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಬಂಡೆಯ ಕಡೆಯ ಸೀಟು ಹೆಂಗಸಿನದು. ಚಾಚಿದ್ದ ಕಲ್ಲು ಬಾಗಿಲನ್ನು ಒಳಕ್ಕೆ ಮಡಚಿ ಅವಳ ಕಾಲನ್ನು ಜಜ್ಜಿತು.

ಹೊರಗೆಳೆಯುವಾಗ ಅವಳು ಮೀಟರಿನ ಮೇಲಿದ್ದ ಟವೆಲನ್ನು ನೋಡಿದಳು. ಆಮೇಲೆ ಅವನ ಮುಖವನ್ನೇ ನೋಡುತ್ತಿದ್ದಳು.

"ನಿನಗೆ ಮೊದಲೇ ಗೊತ್ತಿತ್ತಾ?"

"ಸದ್ದು ನಿಂತಿತ್ತು ಅಕ್ಕಾ," ಎಂದ ಅವನು.

ಗುರು ಕತೆಯನ್ನು ಅಲ್ಲಿಗೆ ಬಿಟ್ಟರು. ಕಲ್ಲಿನಾಥ ಹೇಳಿದ: "ಆದರೆ ತಾಯೀ, ನನ್ನೊಳಗೆ ಕುಟ್ಟುವುದು ನನ್ನೊಬ್ಬನ ಸಂಕಟ. ಮುಚ್ಚಿಟ್ಟರೆ ಕೆಡುವವನು ನಾನೊಬ್ಬನೇ."

ಗುರು ಕೇಳಿದರು: "ನಿನ್ನ ಎಡಗಡೆ ಕೂತವರು ಯಾರು?"