ಪೂಜೆಗೆ ಕೂತ ಕಂಪ್ಯೂಟರ್

"ಆಯುಧಪೂಜೆಗೆ ಅಧ್ಯಕ್ಷರು ಬರ್ತಾರೆ. ಅಷ್ಟರಲ್ಲಿ ಈ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿರಬೇಕು. ಇಲ್ಲಾಂದ್ರೆ ನೀವು ಮನೆಗೆ!" ಹಾಲಿನ ಸೊಸೈಟಿಯ ಮ್ಯಾನೇಜರ್ ಫಾಲಾಕ್ಷಯ್ಯ ಗುಡುಗಿದರು.

ಆ ಮುದಿ ಯಂತ್ರ ಹೊಸದನ್ನು ತಡೆಯೋದಿಲ್ಲ ಅಂದರೆ ಕೇಳುವ ಆಸಾಮಿಯಲ್ಲ. ಗುಮಾಸ್ತೆ ಹೊನ್ನಮ್ಮ ಹೊಸ ವಿಂಡೋಸಿನ ಫೋಟೊ ಒಂದನ್ನು ಹುಡುಕಿ, ಹಳೇ ಪರದೆಯ ತುಂಬ ಹರಡಿ, ಕಂಪ್ಯೂಟರಿಗೆ ಕುಂಕುಮವಿಟ್ಟು ಹಾರ ಹಾಕಿದಳು.

ಪೂಜೆಯ ದಿನ ಅಧ್ಯಕ್ಷರು "ಭೇಷ್!" ಎಂದು ಮೌಸಿನತ್ತ ಕೈ ಚಾಚಿದರು.

"ಸಾರ್, ಅದು ಬರೀ ಫೋಟೊ," ಹೊನ್ನಮ್ಮ ಮ್ಯಾನೇಜರರ ಕಿವಿಯಲ್ಲಿ ಉಸುರಿದಳು. ಅವರು ಅಧ್ಯಕ್ಷರನ್ನು ತಡೆಯಲು ಮುಂದೆ ಬಂದರು.

ಅಷ್ಟರಲ್ಲಿ ಆಕೆಯೇ ಕೂಗಿದಳು: "ಅಯ್ಯಯ್ಯೋ! ಪೂಜೆಗೆ ಕೂತ ಆಯುಧ ಇವತ್ತು ಮುಟ್ಟಬಾರದು ಸಾರ್!"

ಅಧ್ಯಕ್ಷರು ಬೆಚ್ಚಿ ಕೈ ಎಳೆದುಕೊಂಡು, ಗಲ್ಲ ಬಡಿದುಕೊಂಡು, ಪ್ರಸಾದ ಹಿಡಿದು ಹೊರಟೇಬಿಟ್ಟರು.

ಮ್ಯಾನೇಜರ್ ಹೊನ್ನಮ್ಮನತ್ತ ತಿರುಗಿದರು. "ನಾಳೆ ಮತ್ತೆ ಬಂದರೆ?"

"'ನಿನ್ನೆ ನೀವು ಮುಟ್ಟೋಕೆ ಹೋಗಿದ್ದಕ್ಕೇ ಕೆಟ್ಟೋಯ್ತು ಅಧ್ಯಕ್ಷರೇ' ಅನ್ನೋಣ ಸಾರ್. ಹೊಸದನ್ನ ಅವರೇ ಕೊಡಿಸ್ತಾರೆ."