ಸೊಪ್ಪಿನ ಕೆಂಚಮ್ಮನಿಗೆ ರಾಜರ ಬೋಣಿ

ಕೇಳಿ ಮಕ್ಕಳೇ, ನಿಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ ಒಂದು ರಾಜ್ಯವಿತ್ತು. ಅದರ ರಾಜಧಾನಿಯ ಚೌಕದಲ್ಲಿ ಸೊಪ್ಪಿನ ಕೆಂಚಮ್ಮ ಕೂರುತ್ತಿದ್ದಳು. ಬಾಯಿ ಜೋರು, ಕೈ ಧಾರಾಳ. ಒಂದು ಕಟ್ಟು ಹರಿವೆ ಕೊಂಡವರಿಗೆ ಕೊಸರು ಅಂತ ನಾಲ್ಕು ದಂಟು ಹಾಕದೆ ಕಳಿಸಿದವಳಲ್ಲ. ಅಂಥವಳು ಯಾರಿಗೆ ತಾನೇ ಬೇಡ?

ಮಂತ್ರಿ ದುಂಡಪ್ಪನಿಗೆ ಬೇಡವಾದಳು. ಚೌಕ ಚಂದ ಮಾಡುತ್ತೇನೆಂದು ರಾಜನ ಒಪ್ಪಿಗೆ ಪಡೆದ. ಕಲ್ಲು ಹಾಸಿದ, ಕಾರಂಜಿ ಇಟ್ಟ. ಹೂವಿನವರು, ಹಣ್ಣಿನವರು, ಸೊಪ್ಪಿನವರು, ಎಲ್ಲರನ್ನೂ ಊರಾಚೆಯ ಸುಣ್ಣದ ಗೂಡಿನ ಬಯಲಿಗೆ ಅಟ್ಟಿದ. "ಅವರೇ ಖುಷಿಯಿಂದ ಹೋದರು" ಎಂದು ರಾಜನಿಗೆ ಸುಳ್ಳು ಹೇಳಿದ.

ಒಂದು ಕಟ್ಟು ಸೊಪ್ಪಿಗೆ ಅಷ್ಟು ದೂರ ಬರುವವರು ಯಾರು? ಕೆಂಚಮ್ಮನ ಸೊಪ್ಪು ಬಾಡಿ ಮೇಕೆಗಳ ಪಾಲಾಯಿತು. ಮನೆಯಲ್ಲಿ ಒಲೆ ಉರಿಯದ ದಿನಗಳು ಬಂದವು. ಅಷ್ಟು ಜೋರಿನ ಹೆಂಗಸು, ಪಾಪ, ಅತ್ತೇಬಿಟ್ಟಳು.

ಇತ್ತ ರಾಜ ಮಧ್ಯಾಹ್ನ ಚೌಕ ನೋಡಲು ಬಂದ. ಕಾರಂಜಿ ಇದೆ, ಜನ ಇಲ್ಲ.

"ಬಿಸಿಲು ಪ್ರಭು" ಎಂದ ದುಂಡಪ್ಪ.

ರಾಜ ಸಂಜೆ ಬಂದ. ಆಗಲೂ ಜನ ಇಲ್ಲ.

"ಚಳಿ ಪ್ರಭು" ಎಂದ ದುಂಡಪ್ಪ.

"ನಾಳೆ ಬೆಳಿಗ್ಗೆ ಬರುತ್ತೇನೆ. ಇದನ್ನು ಮಾಡಿಸಿದ್ದು ಕಾಗೆಗಳಿಗೋ ಜನಕ್ಕೋ, ನೋಡೇಬಿಡೋಣ" ಎಂದ ರಾಜ.

ದುಂಡಪ್ಪ ಎದ್ದೆನೋ ಬಿದ್ದೆನೋ ಎಂದು ಬಯಲಿಗೆ ಓಡಿದ. "ನಾಳೆ ಎಲ್ಲರೂ ಚೌಕದಲ್ಲಿ ಕೂತಿರಿ. ರಾಜರು ಅತ್ತ ಹೋದ ಕೂಡಲೇ ಗಂಟು ಕಟ್ಟಬೇಕು."

"ಆಗ್ಲಿ ಬುದ್ಧೀ" ಎಂದಳು ಕೆಂಚಮ್ಮ, ಬಲು ವಿನಯದಿಂದ. ಆ ವಿನಯವನ್ನು ಬಲ್ಲ ಪಕ್ಕದ ಹೂವಿನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಬೆಳಗಾಯಿತು. ಅಂಗಡಿಗಳು ಬಂದವೆಂದು ತಿಳಿದು ಜನವೂ ನೆರೆದರು. ರಾಜನ ಮುಖ ಅರಳಿತು. ಕೆಂಚಮ್ಮ ಅವನಿಗೆ ಕೈಮುಗಿದಳು.

"ಇನ್ನೂ ಬೋಣಿ ಆಗಿಲ್ಲ ಬುದ್ಧೀ. ಮೊದಲ್ನೇ ಯಾಪಾರ ತಮ್ಮ ಕೈಯಿಂದ್ಲೇ ಆಗ್ಲಿ."

ರಾಜ ಕಾಸು ಕೊಟ್ಟು ಒಂದು ಕಟ್ಟು ಹರಿವೆ ಕೊಂಡ. ಅವಳು ಕಾಸನ್ನು ಕಣ್ಣಿಗೊತ್ತಿಕೊಂಡು ಮಂತ್ರಿಯ ಕಡೆ ತಿರುಗಿದಳು.

"ರಾಜ್ರು ಹೋದ ಕೂಡ್ಲೇ ಗಂಟು ಕಟ್ಟು ಅಂದಿದ್ರಿ ಬುದ್ಧೀ. ಆದ್ರೆ ಬೋಣಿ ಆದ ಅಂಗಡೀನ ಹೊತ್ತು ಮುಳುಗೋಕೆ ಮುಂಚೆ ಎತ್ತಿದ್ರೆ ಬೋಣಿ ಮಾಡಿದ ಕೈಗೆ ಕೇಡಂತೆ. ಎತ್ಲಾ, ಬಿಡ್ಲಾ? ನೀವೇ ಹೇಳಿ."

ಎತ್ತು ಎಂದರೆ ರಾಜನಿಗೆ ಕೇಡು. ಬಿಡು ಎಂದರೆ ಗಂಟು ಕಟ್ಟಲು ಹೇಳಿದ್ದನ್ನು ರಾಜನೆದುರೇ ಒಪ್ಪಿಕೊಂಡಂತೆ. ದುಂಡಪ್ಪ ಕಾರಂಜಿಯ ಕಡೆ ಮುಖ ತಿರುಗಿಸಿದ.

"ಯಾಕಮ್ಮ ಎತ್ತಬೇಕು?" ಎಂದು ರಾಜ ಕೇಳಿದ. ಕೆಂಚಮ್ಮ ಎಲ್ಲವನ್ನೂ ಹೇಳಿದಳು.

ರಾಜ ತಲೆ ತಗ್ಗಿಸಿದ. "ತಪ್ಪು ನನ್ನದೂ ಹೌದು ತಾಯಿ. ಕಲ್ಲು ನೋಡಲು ಬಂದೆ, ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಇನ್ನು ಯಾರೂ ಏಳಬೇಡಿ. ದಿನಾ ಬೆಳಿಗ್ಗೆ ನನ್ನ ಪರವಾಗಿ ದುಂಡಪ್ಪನೇ ಬಂದು ನಿನ್ನ ಬೋಣಿ ಮಾಡುತ್ತಾನೆ."

ಅಂದಿನಿಂದ ಕೆಂಚಮ್ಮನ ಒಲೆ ಒಂದು ದಿನವೂ ಆರಲಿಲ್ಲ. ದುಂಡಪ್ಪನ ಮನೆಯಲ್ಲಿ ದಿನಾ ಸೊಪ್ಪಿನ ಸಾರು.

ನೀತಿ ಇಷ್ಟೇ ಮಕ್ಕಳೇ: ಊರು ಚಂದ ಮಾಡುವವರು ಮೊದಲು ಅಲ್ಲಿ ಬದುಕುವವರನ್ನು ಕೇಳಬೇಕು. ಜನ ಇದ್ದರೆ ಚೌಕ, ಇಲ್ಲದಿದ್ದರೆ ಬರೀ ಕಲ್ಲು.