ಸಿಂಗಾರಿಯ ಗೆಜ್ಜೆ ಕಪ್ಪಾದದ್ದು

ಬೂರುಗದ ಮರಗಳು ತುಂಬಿದ್ದ ಒಂದು ಕಾಡಿನಲ್ಲಿ ಸಿಂಗಾರಿ ಎಂಬ ಜಿಂಕೆ ಇದ್ದಳು. ಅವಳ ಬಳಿ ಒಂದು ಜೊತೆ ಬೆಳ್ಳಿಗೆಜ್ಜೆ ಇತ್ತು. ಜೊತೆ ಎಂದರೆ ಎರಡು, ಮುಂಗಾಲಿಗೆ ಒಂದೊಂದು. ಹಿಂಗಾಲಿಗೆ ಕಟ್ಟಿದರೆ ಓಡುವಾಗ ಪೊದೆಗೆ ಸಿಕ್ಕಿಕೊಳ್ಳುತ್ತವೆ, ಅದಕ್ಕೇ ಮುಂಗಾಲಿಗೆ. ಅವು ತೀರಿಕೊಂಡ ತಾಯಿಯ ಗೆಜ್ಜೆಗಳು. ಮರಿಯಾಗಿದ್ದಾಗ ಮಂಜಿನಲ್ಲಿ ದಾರಿ ಕಾಣದಿದ್ದರೆ ಸಿಂಗಾರಿ ಆ ಸದ್ದನ್ನೇ ಹಿಡಿದು ತಾಯಿಯ ಹಿಂದೆ ನಡೆಯುತ್ತಿದ್ದಳು.

ಮದುಮಗಳು ಅಜ್ಜಿಯ ಗೆಜ್ಜೆ ಕಟ್ಟಿಕೊಂಡೇ ಗಂಡಿನ ಹಿಂಡಿನೊಳಗೆ ಕಾಲಿಡಬೇಕು ಎಂಬುದು ಅಲ್ಲಿನ ಜಿಂಕೆಗಳ ಪದ್ಧತಿ. ಸಿಂಗಾರಿಯ ಮಗಳು ಚೆಲುವಿಯ ಮದುವೆ ಹತ್ತಿರ ಬಂದಿತ್ತು. ಗೆಜ್ಜೆ ಮಾತ್ರ ತುಸು ಮಂಕಾಗಿತ್ತು.

"ಇಲ್ಲಿ ಕೊಡು ತಂಗೀ, ಥಳಥಳ ಹೊಳೆಸಿ ತರ್ತೀನಿ. ಚೆಲುವಿ ನನಗೂ ಮಗಳಿದ್ದ ಹಾಗೆ ಅಲ್ವಾ?" ಎಂದ ನರಿ ಜಂಬಯ್ಯ. ಸಿಂಗಾರಿ ನಂಬಿ ಕೊಟ್ಟಳು.

ಮದುವೆಯ ದಿನ ಬೆಳಗ್ಗೆ ಅವನು ಗಂಟು ಬಿಚ್ಚಿದ. ಗೆಜ್ಜೆ ಇದ್ದಿಲಿನಂತೆ ಕಪ್ಪಗಿತ್ತು!

"ಏನು ಹೇಳಲಿ ತಂಗೀ, ಉಜ್ಜಿದಷ್ಟೂ ಕಪ್ಪು. ಇದು ಬೆಳ್ಳಿಯೇ ಅಲ್ಲ. ಯಾರೋ ನಿಮ್ಮವ್ವನಿಗೆ ಟೋಪಿ ಹಾಕಿದ್ದಾರೆ." ಅವನು ಹೊಳೆಯುವ ತಗಡಿನ ಗೆಜ್ಜೆಗಳನ್ನು ಹೊರತೆಗೆದ. "ಇವನ್ನು ಕಟ್ಟು. ಆ ಕರಿ ಗೆಜ್ಜೆ ಬೀಗರ ಕಣ್ಣಿಗೆ ಬೀಳೋದು ಬೇಡ. ನಾನೇ ಹಳ್ಳಕ್ಕೆ ಎಸೆದು ಬರ್ತೀನಿ."

ದೂರದಲ್ಲಿ ದಿಬ್ಬಣದ ಗದ್ದಲ ಕೇಳಿಸಿತು. ಸಿಂಗಾರಿಯ ಕಿವಿಗಳು ಜೋತುಬಿದ್ದವು. ಅವ್ವನ ಗೆಜ್ಜೆ ಸುಳ್ಳೇ? ಅವಳು ಅದನ್ನು ನರಿಯ ಕಡೆಗೆ ತಳ್ಳಿದಳು.

"ಏ ಸಿಂಗಾರಿ, ತಡಿ!"

ಮದುವೆ ಅಡುಗೆಗೆ ಬಂದಿದ್ದ ಕಾಡುಕೋಳಿ ಗೌರಕ್ಕ ಒಲೆ ಬಿಟ್ಟು ಓಡಿಬಂದಳು. ಮೊನ್ನೆಯಷ್ಟೇ ಅವಳ ಗೂಡಿನ ಮೊಟ್ಟೆಗಳು ಕಳುವಾಗಿದ್ದವು, ಪಾಪ. ಅವಳು ಗೆಜ್ಜೆಯನ್ನು ಮೂಸಿದಳು.

"ಜಂಬಯ್ಯಾ, ಇದರ ಜೊತೆಗೆ ಏನಿಟ್ಟಿದ್ದೆ?"

"ಏನೂ ಇಲ್ಲ ಗೌರಕ್ಕಾ. ನಾನು ಬರೀ ಹಣ್ಣು ತಿನ್ನೋನು."

"ಆಹಾ, ಸಂನ್ಯಾಸಿ! ನನ್ನ ಬೆಳ್ಳಿ ಕಾಲುಂಗುರಕ್ಕೆ ಒಮ್ಮೆ ಒಡೆದ ಮೊಟ್ಟೆ ಮೆತ್ತಿತ್ತು. ಅದೂ ಹೀಗೇ ಕಪ್ಪಾಗಿತ್ತು ಕಣೋ."

ಅವಳ ಮಾತು ನಿಜ. ಮೊಟ್ಟೆಯಲ್ಲಿ ಗಂಧಕವಿದೆ. ಗಂಧಕ ತಾಗಿದರೆ ಬೆಳ್ಳಿಯ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಗಾಳಿಯಲ್ಲೂ ಅದರ ಅಂಶ ತುಸು ಇರುವುದರಿಂದ ಸುಮ್ಮನೆ ಇಟ್ಟ ಬೆಳ್ಳಿಯೂ ನಿಧಾನಕ್ಕೆ ಮಂಕಾಗುತ್ತದೆ. ಗಟ್ಟಿಯಾಗಲೆಂದು ಒಡವೆಯ ಬೆಳ್ಳಿಗೆ ಬೆರೆಸುವ ತಾಮ್ರವೂ ಹಾಗೆಯೇ ಕಪ್ಪಾಗುತ್ತದೆ. ಆದರೆ ಕಪ್ಪು ಮೇಲೆ ಮಾತ್ರ. ಒಳಗೆ ಬೆಳ್ಳಿ ಬೆಳ್ಳಿಯೇ.

"ಹಾಗಾದ್ರೆ ಬೆಳ್ಳಗೆ ಮಾಡಿ ತೋರಿಸು ನೋಡೋಣ!" ನರಿ ಹಲ್ಲು ಕಿರಿದ.

ಗೌರಕ್ಕ ಕರಟದಲ್ಲಿ ಬಿಸಿನೀರು ಹಾಕಿ ಅಂಟುವಾಳಕಾಯಿ ಕಿವುಚಿದಳು. ನೊರೆಯಲ್ಲಿ ಗೆಜ್ಜೆ ನೆನೆಯಿತು. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಆ ನಯವಾದ ಪುಡಿಯಿಂದ ಮೆಲ್ಲಗೆ ಉಜ್ಜಿದಳು.

"ಮರಳು ತರಲಾ?" ಎಂದಳು ಸಿಂಗಾರಿ ಅವಸರದಲ್ಲಿ.

"ಬೇಡಮ್ಮಾ, ಗೀರು ಬೀಳುತ್ತೆ."

ಒಂದು ಗೆರೆ ಬೆಳ್ಳಗಾಯಿತು. ಆಮೇಲೆ ಇಡೀ ಗೆಜ್ಜೆ! ತೊಳೆದು, ತೇವ ಉಳಿಯದಂತೆ ಒರೆಸಿ ಅಲ್ಲಾಡಿಸಿದರೆ, ಒಂದು ಗುಂಡು ಮಾತ್ರ ಸದ್ದು ಮಾಡಲಿಲ್ಲ. ಸಿಂಗಾರಿ ಅದನ್ನು ಕಲ್ಲಿಗೆ ತಟ್ಟಿದಳು. ಒಳಗಿಂದ ಕೆನೆಬಣ್ಣದ ಮೊಟ್ಟೆಚಿಪ್ಪಿನ ಚೂರು ಉದುರಿತು.

"ಅದು... ಹಣ್ಣಿನ ಸಿಪ್ಪೆ," ಎಂದ ಜಂಬಯ್ಯ.

ಮದುವೆಗೆ ನೆರೆದವರೆಲ್ಲ ಘೊಳ್ಳೆಂದು ನಕ್ಕರು. ಗೌರಕ್ಕ ಮಾತ್ರ ನಗಲಿಲ್ಲ. ತನ್ನ ಮೊಟ್ಟೆ ಕದ್ದವನೂ, ಹಳ್ಳಕ್ಕೆ ಎಸೆಯುವ ನೆಪದಲ್ಲಿ ಬೆಳ್ಳಿ ಹೊಡೆಯಲು ಹೊಂಚಿದವನೂ ಇವನೇ ಎಂದು ಅವಳಿಗೆ ತಿಳಿದುಹೋಗಿತ್ತು. ನರಿ ಓಡಲು ನೋಡಿದ. ಅಷ್ಟರಲ್ಲಿ ದಿಬ್ಬಣ ಬಂದೇಬಿಟ್ಟಿತ್ತು. ಗಂಡಿನ ಕಡೆಯ ಜಿಂಕೆಗಳು ಕೊಂಬು ಒಡ್ಡಿ ಸುತ್ತಲೂ ನಿಂತವು. ಅವನು ತಂದ ತಗಡಿನ ಗೆಜ್ಜೆಗಳನ್ನೇ ಬಳ್ಳಿಯಿಂದ ಅವನ ಕುತ್ತಿಗೆಗೆ ಬಿಗಿದರು. ಕಾಲಿಗೆ ಕಟ್ಟಿದರೆ ಕಚ್ಚಿ ಬಿಚ್ಚಿಕೊಳ್ಳುತ್ತಾನೆ, ಕುತ್ತಿಗೆಗಾದರೆ ಹಲ್ಲು ಎಟುಕುವುದಿಲ್ಲ.

ಚೆಲುವಿ ಘಲ್ ಘಲ್ ಎನ್ನುತ್ತ ಗಂಡಿನ ಹಿಂಡಿನೊಳಗೆ ಕಾಲಿಟ್ಟಳು. ಸಿಂಗಾರಿ ಕಣ್ಣು ಮುಚ್ಚಿ ಕೇಳಿದಳು. ಅವ್ವ ಮುಂದೆ ನಡೆದು ಹೋದಂತಾಯಿತು. ಮದುವೆ ಮುಗಿದ ಮೇಲೆ ಗೆಜ್ಜೆಯನ್ನು ಗಾಳಿ ತಾಗದಂತೆ ಬೂರುಗದ ಹತ್ತಿಯಲ್ಲಿ ಸುತ್ತಿಡಲು ಮಗಳಿಗೆ ಹೇಳಿಕೊಟ್ಟಳು.

ಅಂದಿನಿಂದ ಪೊದೆಯಲ್ಲಿ ಟಣ್ ಟಣ್ ಎಂದರೆ ಸಾಕು, ಗೌರಕ್ಕ ಗೂಡಿನಿಂದಲೇ ಕೂಗುತ್ತಾಳೆ: "ಬಂದ ಕಣ್ರೇ, ಹಣ್ಣು ತಿನ್ನೋ ಜಂಬಯ್ಯ ಬಂದ!"

ನೀತಿ: ಇನ್ನೊಬ್ಬರ ಒಡವೆಯನ್ನು ಕಪ್ಪಾಗಿಸಿದವನ ಕಳ್ಳತನವನ್ನು ಆ ಕಪ್ಪೇ ಹೊರಹಾಕುತ್ತದೆ. ಮಂಕಾಯಿತೆಂದು ಒಳ್ಳೆಯದನ್ನು ಬಿಸಾಡಬಾರದು, ಮೊದಲು ತೊಳೆದು ನೋಡಬೇಕು.